ಕಣ್ಣಿಗೆ ಕಾಣದ ಪೆಟ್ಟು
(ಮಿದುಳಿನ ಲಘು ಆಘಾತವೂ ಅದನ್ನು ಕಾಣಿಸುವ ಯತ್ನಗಳೂ)

ಮನುಷ್ಯನ ದೇಹಕ್ಕೆ ಒದಗುವ ಗಾಯಗಳಲ್ಲಿ ಕಂಡವರೆಲ್ಲರೂ ಒಪ್ಪುವಂಥವು ಕೆಲವು. ಅನುಭವಿಸಿದವನೊಬ್ಬನೇ ಬಲ್ಲಂಥವು ಕೆಲವು. ಕಾಲು ಮುರಿದವನಿಗೆ ಊರುಗೋಲನ್ನು ಕೊಡದ ಮನೆಯಿಲ್ಲ. ತಲೆಗೆ ಪೆಟ್ಟು ತಗುಲಿ, ಒಂದೆರಡು ನಿಮಿಷ ಮೈಮರೆತು, ಮತ್ತೆ ಎದ್ದು ನಡೆದುಬಂದವನ ಪಾಡು ಹಾಗಲ್ಲ. ಅವನ ಬುರುಡೆ ಬಿರಿದಿರುವುದಿಲ್ಲ. ನೆತ್ತಿಯ ಬಾವು ನಾಲ್ಕು ದಿನಗಳಲ್ಲಿ ಇಳಿಯುತ್ತದೆ. ಮಾತು, ನಡೆ ಎಲ್ಲವೂ ಮೊದಲಿನಂತೆಯೇ ತೋರುತ್ತವೆ. ಆದರೂ ವಾರಗಳು ಕಳೆದ ಮೇಲೂ ತಲೆನೋವು ಬಿಡದು. ಬೆಳಕನ್ನೂ ಸದ್ದನ್ನೂ ಅವನು ಸಹಿಸಲಾರನು. ಓದಿದ ಪುಟ ನೆನಪಿನಲ್ಲಿ ನಿಲ್ಲದು. ಅಲ್ಪ ಮಾತಿಗೂ ಸಿಡುಕು ಬರುವುದು. ವೈದ್ಯನು ಪರೀಕ್ಷಿಸಿ ಏನೂ ಇಲ್ಲವೆನ್ನುವನು, ಮನೆಯವರು ಮೈಗಳ್ಳತನವೆನ್ನುವರು, ವ್ಯಾಜ್ಯವಿದ್ದರೆ ಪ್ರತಿವಾದಿಯು ಪರಿಹಾರಧನದ ಆಸೆಯೆನ್ನುವನು. ಈ ಪೆಟ್ಟು ದೇಹದ್ದೋ ಮನಸ್ಸಿನದೋ, ನಿಜವೋ ನಟನೆಯೋ ಎಂಬ ವಿವಾದವು ಬಹುಕಾಲದಿಂದ ನಡೆದುಬಂದಿದೆ. ಮಿದುಳನ್ನು ಚಿತ್ರಿಸುವ ಯಂತ್ರಗಳ ಇತಿಹಾಸವು ಈ ವಿವಾದದೊಡನೆ ಹೆಣೆದುಕೊಂಡಿರುವುದರಿಂದ, ಎರಡನ್ನೂ ಜೊತೆಯಲ್ಲಿಯೇ ನೋಡುವುದು ಯುಕ್ತವಾಗಿದೆ.

ಮಿದುಳಿಗೆ ಹೊರಗಣ್ಣಿಗೆ ತೋರುವ ಗಾಯವಿಲ್ಲದೆಯೇ ಅದರ ವ್ಯಾಪಾರವು ಕೆಲಕಾಲ ಕೆಡಬಹುದೆಂಬುದನ್ನು ಪ್ರಾಚೀನರು ಅರಿಯದೆ ಇರಲಿಲ್ಲ. ಪಾರಸಿಕ ದೇಶದ ವೈದ್ಯಶ್ರೇಷ್ಠನಾದ ಅಲ್ ರಾಜಿಯು ಕ್ರಿ. ಶ. 900ರ ಸುಮಾರಿನಲ್ಲಿ ಇಂತಹ ಸ್ಥಿತಿಯನ್ನು ಮಿದುಳಿನ ಘೋರ ಗಾಯಗಳಿಂದ ಬೇರ್ಪಡಿಸಿ ಹೇಳಿದನು. ಇಟಲಿಯ ಮಿಲಾನ್ ನಗರದಿಂದ ಪ್ಯಾರಿಸ್ಸಿಗೆ ಹೋಗಿ ನೆಲಸಿದ ಲಾನ್‌ಫ್ರಾಂಕನೆಂಬ ಶಸ್ತ್ರವೈದ್ಯನು 1296ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ, ಮಿದುಳು ಅಲುಗಿದುದರಿಂದಲೇ ಈ ಲಕ್ಷಣಗಳು ಹುಟ್ಟಿ ಬೇಗನೆ ಅಡಗಬಹುದೆಂದು ಬರೆದನು. ಯೂರೋಪಿನ ವೈದ್ಯರು ತರುವಾಯ ಇದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಇಟ್ಟ ಹೆಸರಿಗೂ ಮಿದುಳಿನ ಅಲ್ಲಾಟವೆಂದೇ ಅರ್ಥ. ಅಲುಗಿದ ವಸ್ತುವು ಮುರಿಯಿತೋ ಮುರಿಯಲಿಲ್ಲವೋ ಎಂಬುದನ್ನು ಮಾತ್ರ ಆ ಹೆಸರು ತಿಳಿಸಲಿಲ್ಲ.

ಆ ಪ್ರಶ್ನೆಯನ್ನು ಮುಂದಕ್ಕೆ ತಂದದ್ದು ಒಬ್ಬ ಸೆರೆಯಾಳಿನ ಸಾವು. ಫ್ರಾನ್ಸಿನಲ್ಲಿ ಚಕ್ರಕ್ಕೆ ಕಟ್ಟಿ ಕೈಕಾಲು ಮುರಿಯುವ ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ತರುಣನು, ಆ ಯಾತನೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ತಲೆ ಬಗ್ಗಿಸಿಕೊಂಡು ಓಡಿ ಸೆರೆಮನೆಯ ಗೋಡೆಗೆ ಡಿಕ್ಕಿಹೊಡೆದು ಅಲ್ಲಿಯೇ ಸತ್ತನು. ಅಲೆಕ್ಸಿ ಲಿಟ್ರೆ ಎಂಬ ಶರೀರಶಾಸ್ತ್ರಜ್ಞನು ಅವನ ಶವವನ್ನು ಪರೀಕ್ಷಿಸಿ, ಸಾವಿಗೆ ತಕ್ಕಷ್ಟು ದೊಡ್ಡ ಗಾಯವು ಬುರುಡೆಯಲ್ಲಾಗಲಿ ಮಿದುಳಿನಲ್ಲಾಗಲಿ ತೋರಲಿಲ್ಲವೆಂದು 1705ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತಿಗೆ ತಿಳಿಸಿದನು. ಪ್ರಾಣವನ್ನೇ ತೆಗೆದ ಪೆಟ್ಟು ಕೂಡ ಗುರುತನ್ನುಳಿಸದೆ ಹೋಗಬಹುದೆಂದಾಯಿತು. ಹೀಗಿರಲು, ಬದುಕಿ ಉಳಿದವನ ತಲೆಯೊಳಗಿನ ಪೆಟ್ಟನ್ನು ತೋರಿಸುವ ಬಗೆ ಯಾವುದು? ಮುಂದಿನ ಎರಡೂವರೆ ಶತಮಾನಗಳ ಕಾಲ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಬಂಡಿಗಳು ಬಂದುವು. ಅವುಗಳೊಡನೆ ಅಪಘಾತಗಳೂ ಬಂದುವು. 1865ನೆಯ ಇಸವಿ ಜೂನ್ 9ರಂದು ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ರೈಲುಬಂಡಿಯೊಂದು ಸೇತುವೆಯಿಂದ ಉರುಳಿ ಹತ್ತು ಮಂದಿ ಸತ್ತರು. ಆ ಬಂಡಿಯಲ್ಲಿದ್ದವರಲ್ಲಿ ಕಾದಂಬರಿಕಾರನಾದ ಚಾರ್ಲ್ಸ್ ಡಿಕನ್ಸನೂ ಒಬ್ಬನು. ಅವನ ಮೈಮೇಲೆ ಗಾಯವಿರಲಿಲ್ಲ. ಬಿದ್ದವರಿಗೆ ನೀರು ಕೊಟ್ಟು ಉಪಚರಿಸಿ, ಬಂಡಿಯಲ್ಲಿ ಉಳಿದಿದ್ದ ತನ್ನ ಕಾದಂಬರಿಯ ಹಸ್ತಪ್ರತಿಯನ್ನೂ ಹುಡುಕಿ ತಂದನು. ಆದರೆ ಆಮೇಲೆ ಕೆಲವು ದಿನ ಅವನ ಸ್ವರವೇ ಅಡಗಿಹೋಯಿತು. ರೈಲುಪ್ರಯಾಣವೆಂದರೆ ಜೀವನದ ಕೊನೆಯವರೆಗೂ ನಡುಕವು ಹಿಡಿಯುತ್ತಿದ್ದಿತು. ಅವನಿಗಾದದ್ದು ಭಯದ ಫಲವೋ ಅಲುಗಾಟದ ಫಲವೋ ಎಂಬುದನ್ನು ಈಗ ನಿರ್ಣಯಿಸಲು ಸಾಧ್ಯವಿಲ್ಲ. ಗಾಯವಿಲ್ಲದೆ ಹೊರಬಂದವರೂ ಮೊದಲಿನಂತೆ ಹೊರಬರಲಿಲ್ಲವೆಂಬುದಕ್ಕೆ ಮಾತ್ರ ಇದು ಒಂದು ನಿದರ್ಶನವಾಗಿದೆ.

ಮರುವರ್ಷವೇ, ಎಂದರೆ 1866ರಲ್ಲಿ, ಲಂಡನ್ನಿನ ಶಸ್ತ್ರವೈದ್ಯನಾದ ಜಾನ್ ಎರಿಕ್ಸನ್ ಎಂಬಾತನು ರೈಲು ಅಪಘಾತಗಳಿಂದ ನರಮಂಡಲಕ್ಕಾಗುವ ಹಾನಿಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಲಾಳಾಕಾರದ ಅಯಸ್ಕಾಂತವನ್ನು ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಅದರ ಆಕಾರವೇನೂ ಕೆಡದೆ ಆಕರ್ಷಣಶಕ್ತಿ ಮಾತ್ರ ನಷ್ಟವಾಗುವುದಷ್ಟೆ. ನರಮಂಡಲದಲ್ಲಿಯೂ ಹಾಗೆಯೇ ಆಗುವುದೆಂದು ಅವನು ವಾದಿಸಿದನು. ಈ ಪುಸ್ತಕವು ನ್ಯಾಯಾಲಯಗಳಲ್ಲಿ ಗಾಯಾಳುಗಳ ಪಕ್ಷಕ್ಕೆ ದೊಡ್ಡ ಆಧಾರವಾಯಿತು. 1883ರಲ್ಲಿ ಹರ್ಬರ್ಟ್ ಪೇಜ್ ಎಂಬ ಮತ್ತೊಬ್ಬ ಶಸ್ತ್ರವೈದ್ಯನು ಇದನ್ನು ಖಂಡಿಸಿ, ಇಂತಹ ಬೇನೆಗಳಲ್ಲಿ ಹೆಚ್ಚಿನವು ಭಯದಿಂದ ಹುಟ್ಟಿದವೇ ಹೊರತು ನರಗಳ ಗಾಯದಿಂದಲ್ಲವೆಂದನು. ಪೇಜನು ರೈಲು ಕಂಪನಿಯೊಂದರ ವೈದ್ಯನಾಗಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ಹಾಗೆಂದು ಅವನ ಮಾತೆಲ್ಲವೂ ಸ್ವಾರ್ಥದ್ದೆಂದು ತಳ್ಳುವುದಕ್ಕೂ ಆಗದು. ಭಯವು ದೇಹವನ್ನು ಕೆಡಿಸಬಲ್ಲುದೆಂಬುದು ಸುಳ್ಳಲ್ಲ. ಜರ್ಮನಿಯ ಹರ್ಮನ್ ಓಪನ್‌ಹೈಮ್ ಎಂಬಾತನು 1889ರಲ್ಲಿ ದೇಹದ ಪಕ್ಷವನ್ನು ಹಿಡಿದನು. ಪ್ಯಾರಿಸ್ಸಿನ ಶಾರ್ಕೊ ಮಹಾಶಯನು ಮನಸ್ಸಿನ ಪಕ್ಷವನ್ನು ಹಿಡಿದನು. ಯಾರಿಂದಲೂ ಮಿದುಳನ್ನು ತೆರೆದು ತೋರಿಸಲು ಆಗಲಿಲ್ಲವಾದ್ದರಿಂದ ವಾದವು ವಾದವಾಗಿಯೇ ಉಳಿಯಿತು.

ಮೊದಲನೆಯ ಮಹಾಯುದ್ಧದಲ್ಲಿ ಈ ವಿವಾದವು ಸಾವಿರಾರು ಸಿಪಾಯಿಗಳ ಮಾನಾಪಮಾನಗಳ ಪ್ರಶ್ನೆಯಾಯಿತು. ಫಿರಂಗಿಯ ಗುಂಡುಗಳು ಹತ್ತಿರದಲ್ಲಿ ಸಿಡಿದಾಗ ಮೈಗೆ ಗಾಯವಾಗದೆಯೂ ಕಣ್ಣು, ನೆನಪು, ರುಚಿಗಳನ್ನು ಕಳೆದುಕೊಂಡವರ ವೃತ್ತಾಂತವನ್ನು ಚಾರ್ಲ್ಸ್ ಮೈಯರ್ಸನು 1915ರಲ್ಲಿ ವೈದ್ಯಪತ್ರಿಕೆಯಲ್ಲಿ ಬರೆದನು. ‘ಶೆಲ್ ಶಾಕ್’ ಎಂಬ ಮಾತು ಆ ಮೂಲಕ ಪ್ರಸಿದ್ಧಿಗೆ ಬಂದಿತು. ಬ್ರಿಟಿಷ್ ಸೈನ್ಯದ ಅಧಿಕಾರಿಗಳು ಇಂತಹ ರೋಗಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿದರು. ಶತ್ರುವಿನ ಗುಂಡಿನ ಸ್ಫೋಟದಿಂದ ಆದದ್ದೆಂದು ಒಪ್ಪಿದರೆ ಅವನು ಗಾಯಾಳು. ಅವನಿಗೆ ಗಾಯದ ಪಟ್ಟಿಯೂ ಪಿಂಚಣಿಯೂ ಉಂಟು. ಇಲ್ಲವಾದರೆ ಅವನು ಬರಿಯ ರೋಗಿ. ಅವನಿಗೆ ಆ ಗೌರವವಿಲ್ಲ. ಒಂದೇ ಕಂದಕದಿಂದ ಬಂದ ಇಬ್ಬರಲ್ಲಿ ಒಬ್ಬನು ವೀರನೆನಿಸಿ ಮತ್ತೊಬ್ಬನು ಹೇಡಿಯೆನಿಸುವುದಕ್ಕೆ ಒಂದು ಅಕ್ಷರದ ಬರಹವು ಸಾಕಾಗುತ್ತಿತ್ತು. ಆ ಅಕ್ಷರವನ್ನು ಬರೆಯುವವನ ಕೈಯಲ್ಲಿ ಮಿದುಳೊಳಗನ್ನು ನೋಡುವ ಸಾಧನವಾವುದೂ ಇರಲಿಲ್ಲ.

ಆ ವೇಳೆಗೆ ರೋಂಟ್ಗನ್ ಪಂಡಿತನು 1895ರಲ್ಲಿ ಕಂಡುಹಿಡಿದ ಕ್ಷ-ಕಿರಣಗಳು ಎಲ್ಲ ಕಡೆಯೂ ಬಳಕೆಗೆ ಬಂದಿದ್ದುವು. ಆದರೆ ಅವು ಎಲುಬನ್ನು ತೋರಿಸುವುವೇ ಹೊರತು ಎಲುಬಿನ ಒಳಗಿರುವ ಮೃದುವಾದ ಮಿದುಳನ್ನು ತೋರಿಸಲಾರವು. ಅಮೆರಿಕಾದ ವಾಲ್ಟರ್ ಡ್ಯಾಂಡಿಯು 1918ರಲ್ಲಿ ಮಿದುಳಿನೊಳಗಣ ಕುಹರಗಳಿಗೆ ಗಾಳಿಯನ್ನು ತುಂಬಿ ಚಿತ್ರ ತೆಗೆದನು. ಪೋರ್ಚುಗಲ್ಲಿನ ಎಗಾಸ್ ಮೊನಿಜನು 1927ರಲ್ಲಿ ಕ್ಷ-ಕಿರಣಕ್ಕೆ ಕಾಣಿಸುವ ದ್ರವವನ್ನು ರಕ್ತನಾಳದಲ್ಲಿ ಹಾಯಿಸಿ ಮಿದುಳಿನ ನಾಳಗಳ ಚಿತ್ರವನ್ನು ಪಡೆದನು. ಜರ್ಮನಿಯ ಹಾನ್ಸ್ ಬರ್ಗರನು ಮಿದುಳಿನ ವಿದ್ಯುತ್ತಿನ ಅಲೆಗಳನ್ನು ಕಾಗದದ ಮೇಲೆ ಮೂಡಿಸಿ 1929ರಲ್ಲಿ ಪ್ರಕಟಿಸಿದನು. ಗೆಡ್ಡೆಗಳನ್ನೂ ದೊಡ್ಡ ರಕ್ತಸ್ರಾವಗಳನ್ನೂ ಅಪಸ್ಮಾರವನ್ನೂ ಅರಿಯಲು ಇವು ಬಹಳ ಸಹಾಯಕವಾದುವು. ಲಘುಪೆಟ್ಟಿನ ವಿಷಯದಲ್ಲಿ ಮಾತ್ರ ಅವುಗಳಿಂದ ತೃಪ್ತಿಕರವಾದ ಉತ್ತರವು ದೊರೆಯಲಿಲ್ಲ.

ಉತ್ತರದ ಸುಳಿವು ಬಂದದ್ದು ಬೇರೊಂದು ದಾರಿಯಿಂದ. ಆಕ್ಸ್‌ಫರ್ಡಿನಲ್ಲಿ ಡೆನಿ-ಬ್ರೌನ್ ಮತ್ತು ರಸೆಲ್ ಎಂಬವರು, ತಲೆಯು ಅಲುಗದಂತೆ ಹಿಡಿದಾಗ ಮೈಮರೆವು ಬರಿಸದ ಪೆಟ್ಟು, ತಲೆಯು ಸ್ವತಂತ್ರವಾಗಿ ಚಲಿಸುವಾಗ ಬರಿಸುವುದೆಂದು 1941ರಲ್ಲಿ ತೋರಿಸಿದರು. ಹೋಲ್‌ಬೋರ್ನ್ ಎಂಬ ಭೌತಶಾಸ್ತ್ರಜ್ಞನು ಮಿದುಳಿನಂತೆ ಮೆತ್ತಗಿರುವ ಜೆಲಟಿನ್ ಮುದ್ದೆಗಳ ಮೇಲೆ ಪ್ರಯೋಗ ನಡೆಸಿ, ತಲೆಯು ಥಟ್ಟನೆ ತಿರುಗಿದಾಗ ಬುರುಡೆಯು ಮುಂದೋಡಿ ಮಿದುಳು ಹಿಂದುಳಿದು ಅದರ ಪದರಗಳು ಒಂದರ ಮೇಲೊಂದು ಜಾರಿ ಎಳೆದಾಡುವುವೆಂದು 1943ರಲ್ಲಿ ವಿವರಿಸಿದನು. ಹಾಗಾದರೆ ಹಾನಿಯನ್ನು ಹುಡುಕಬೇಕಾದದ್ದು ಮಿದುಳಿನ ಒಳಗೆ ದೂರದೂರಕ್ಕೆ ಹರಿದಿರುವ ಸೂಕ್ಷ್ಮ ನರತಂತುಗಳಲ್ಲಿ. 1956ರಲ್ಲಿ ಸಬೀನಾ ಸ್ಟ್ರಿಚ್ ಎಂಬ ವಿದುಷಿಯು ಘೋರ ಪೆಟ್ಟಿನಿಂದ ನರಳಿ ಸತ್ತವರ ಮಿದುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ತಂತುಗಳು ಅಲ್ಲಲ್ಲಿ ಕಡಿದು ಕ್ಷಯಿಸಿರುವುದನ್ನು ಕಂಡಳು. 1968ರಲ್ಲಿ ಓಪನ್‌ಹೈಮರ್ ಎಂಬಾತನು, ಲಘುವಾದ ಪೆಟ್ಟು ಬಿದ್ದು ಅನ್ಯ ಕಾರಣದಿಂದ ಮೃತರಾದ ಕೆಲವರ ಮಿದುಳುಗಳಲ್ಲಿಯೂ ಅಂತಹ ಚಿಹ್ನೆಗಳಿರುವುದನ್ನು ಪ್ರಕಟಿಸಿದನು.

ಇದೇ ಕಾಲದಲ್ಲಿ ಎದುರುಪಕ್ಷವೂ ಸುಮ್ಮನಿರಲಿಲ್ಲ. ಹೆನ್ರಿ ಮಿಲ್ಲರ್ ಎಂಬ ನರವೈದ್ಯನು 1961ರ ತನ್ನ ಉಪನ್ಯಾಸಗಳಲ್ಲಿ, ಪೆಟ್ಟು ಚಿಕ್ಕದಾದಷ್ಟೂ ದೂರು ದೊಡ್ಡದಾಗುವುದೆಂದೂ, ಪರಿಹಾರಧನದ ವ್ಯಾಜ್ಯವು ಮುಗಿದೊಡನೆ ಬಹುಮಂದಿ ರೋಗಿಗಳ ಬೇನೆಯೂ ಮುಗಿಯುವುದೆಂದೂ ಹೇಳಿದನು. ಮರುವರ್ಷ ಚಾರ್ಲ್ಸ್ ಸೈಮಂಡ್ಸ್ ಎಂಬ ಹಿರಿಯ ನರವೈದ್ಯನು, ಮಿದುಳಿನ ಅಲ್ಲಾಟವು ಎಷ್ಟೇ ಅಲ್ಪವಾಗಿದ್ದರೂ ಅದರ ಪರಿಣಾಮವು ಪೂರ್ತಿಯಾಗಿ ಅಳಿಸಿಹೋಗುವುದೇ ಎಂದು ಸಂಶಯಪಟ್ಟನು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಅನುಭವಸ್ಥರು. ಜೀವಂತ ಮಿದುಳಿನ ಸಾಕ್ಷ್ಯವು ಇಬ್ಬರ ಬಳಿಯೂ ಇರಲಿಲ್ಲ.

1971ನೆಯ ಇಸವಿ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಅಟ್ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲನೆಯ ಬಾರಿಗೆ ಬುರುಡೆಯನ್ನು ತೆರೆಯದೆ, ಗಾಳಿಯನ್ನು ತುಂಬದೆ, ರೋಗಿಯೊಬ್ಬಳ ಮಿದುಳಿನ ಚಿತ್ರವನ್ನು ಪಡೆದರು. ಗ್ರಾಮಫೋನು ತಟ್ಟೆಗಳಿಗೆ ಹೆಸರಾಗಿದ್ದ ಇ. ಎಂ. ಐ. ಕಂಪನಿಯ ಯಂತ್ರಶಿಲ್ಪಿ ಗಾಡ್‌ಫ್ರಿ ಹೌನ್ಸ್‌ಫೀಲ್ಡನು ಆ ಯಂತ್ರದ ನಿರ್ಮಾಪಕನು. ಜೇಮ್ಸ್ ಆಂಬ್ರೋಸನು ಅವನಿಗೆ ಜೊತೆಯಾದ ವೈದ್ಯನು. ಕ್ಷ-ಕಿರಣವನ್ನು ನಾನಾ ಕೋನಗಳಿಂದ ತಲೆಯ ಮೂಲಕ ಹಾಯಿಸಿ, ಎಷ್ಟು ಹೀರಲ್ಪಟ್ಟಿತೆಂಬ ಲೆಕ್ಕವನ್ನು ಗಣಕಯಂತ್ರಕ್ಕೆ ಕೊಟ್ಟು, ಅದರಿಂದ ಅಡ್ಡಸೀಳಿನಂತಹ ಚಿತ್ರವನ್ನು ಕಟ್ಟುವುದೇ ಇದರ ಉಪಾಯ. ಇಂದು ಸಿ. ಟಿ. ಸ್ಕ್ಯಾನ್ ಎಂದು ಮನೆಮಾತಾಗಿರುವುದು ಇದೇ. ಈ ಸಾಧನೆಗಾಗಿ ಹೌನ್ಸ್‌ಫೀಲ್ಡನಿಗೂ, ಅದರ ಗಣಿತವನ್ನು ಮೊದಲೇ ಸಾಧಿಸಿದ್ದ ಅಲನ್ ಕಾರ್ಮ್ಯಾಕನಿಗೂ 1979ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದವರನ್ನು ಗಳಿಗೆಯಲ್ಲಿ ಗುರುತಿಸಿ ಶಸ್ತ್ರಚಿಕಿತ್ಸೆ ಮಾಡುವುದು ಸಾಧ್ಯವಾಗಿ, ಎಣಿಸಲಾರದಷ್ಟು ಪ್ರಾಣಗಳು ಉಳಿದುವು.

ಪೆಟ್ಟಿನ ತರತಮವನ್ನು ಅಳೆಯುವ ಕ್ರಮವೂ ಈ ಕಾಲದಲ್ಲಿಯೇ ಏರ್ಪಟ್ಟಿತು. ಗ್ಲಾಸ್ಗೊ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ, ರೋಗಿಯು ಕಣ್ಣು ತೆರೆಯುವ, ಮಾತನಾಡುವ, ಅಂಗಗಳನ್ನಾಡಿಸುವ ಬಗೆಯನ್ನು ನೋಡಿ ಎಚ್ಚರಕ್ಕೆ ಅಂಕ ಕೊಡುವ ಪದ್ಧತಿಯನ್ನು ರಚಿಸಿದರು. ಪೂರ್ಣ ಎಚ್ಚರಕ್ಕೆ 15 ಅಂಕಗಳು. 13ರಿಂದ 15 ಅಂಕಗಳಿದ್ದು, ಮೈಮರೆವು ಅರ್ಧ ಗಂಟೆಯನ್ನೂ ನೆನಪಿನ ಲೋಪವು ಒಂದು ದಿನವನ್ನೂ ಮೀರದಿದ್ದರೆ ಅದನ್ನು ಲಘುಪೆಟ್ಟೆಂದು ಕರೆಯಬೇಕೆಂದು 1993ರಲ್ಲಿ ಅಮೆರಿಕಾದ ಪುನರ್ವಸತಿ ವೈದ್ಯರ ಸಂಘವು ಗೊತ್ತುಮಾಡಿತು. ಇಲ್ಲಿ ‘ಲಘು’ವೆಂಬುದು ಪೆಟ್ಟು ಬಿದ್ದ ಗಳಿಗೆಯ ಸ್ಥಿತಿಗೆ ಸಲ್ಲುವ ಮಾತು, ಮುಂದಿನ ಬಾಳಿನಲ್ಲಿ ಅದು ಲಘುವಾಗಿಯೇ ಇರುವುದೆಂಬ ಭರವಸೆಯಲ್ಲ.

ಆದರೆ ಲಘುಪೆಟ್ಟಿನವರಲ್ಲಿ ಹೆಚ್ಚಿನವರ ಸಿ. ಟಿ. ಚಿತ್ರವು ನಿರ್ದೋಷವಾಗಿಯೇ ಬಂದಿತು. ಕೆನಡಾ ದೇಶದಲ್ಲಿ ಇಂತಹ 3121 ರೋಗಿಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಚಿಕಿತ್ಸೆಯ ದೃಷ್ಟಿಯಿಂದ ಗಣ್ಯವಾದ ಮಿದುಳಿನ ಗಾಯವಿದ್ದವರು ನೂರಕ್ಕೆ 8 ಮಂದಿ. ಶಸ್ತ್ರಚಿಕಿತ್ಸೆ ಮೊದಲಾದ ತುರ್ತು ಕ್ರಮವು ಬೇಕಾದವರು ನೂರಕ್ಕೆ ಒಬ್ಬರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇದರಿಂದ ಒಂದು ಅನರ್ಥವೂ ಒದಗಿತು. ಮೊದಲು “ಏನೂ ತೋರುವುದಿಲ್ಲ” ಎನ್ನುತ್ತಿದ್ದ ವೈದ್ಯನ ಮಾತಿಗೆ ಈಗ ಯಂತ್ರದ ಮುದ್ರೆಯೂ ಬಿದ್ದು, ತಲೆನೋವೆಂದು ಕೊರಗುವವನ ಬಾಯಿ ಇನ್ನಷ್ಟು ಕಟ್ಟಿತು.

ನಮ್ಮ ದೇಶದ ಮೀಮಾಂಸಕರೂ ವೇದಾಂತಿಗಳೂ ಅನುಪಲಬ್ಧಿಯೆಂಬ ಪ್ರಮಾಣವನ್ನು ವಿಚಾರಿಸಿರುವುದು ಇಲ್ಲಿ ನೆನಪಿಗೆ ಬರತಕ್ಕದ್ದು. ಬೆಳಕಿರುವ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ಹೇಳಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆ ಹೇಳುವಂತಿಲ್ಲ. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿರುವಾಗ ಮಾತ್ರ ಆ ಕಾಣದಿರುವಿಕೆಯು ಪ್ರಮಾಣವಾಗುತ್ತದೆ. ನರತಂತುವಿನ ದಪ್ಪವು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸಿನದು. ಅಷ್ಟು ಸೂಕ್ಷ್ಮವಾದುದರ ಹಾನಿಯನ್ನು ನೋಡುವ ಶಕ್ತಿಯು ಸಿ. ಟಿ. ಯಂತ್ರಕ್ಕೆ ಇಲ್ಲವೇ ಇಲ್ಲ. ಆದಕಾರಣ ಆ ಯಂತ್ರದ ಮೌನವು ರಕ್ತಸ್ರಾವದ ವಿಷಯದಲ್ಲಿ ಪ್ರಮಾಣವಾದರೂ ತಂತುಗಳ ವಿಷಯದಲ್ಲಿ ಕತ್ತಲೆಯ ಕೋಣೆಯೇ.

ಆ ಕೋಣೆಗೆ ದೀಪವನ್ನು ತಂದದ್ದು ಎಂ. ಆರ್. ಐ. ಎಂಬ ಯಂತ್ರ. ಇದರಲ್ಲಿ ಕ್ಷ-ಕಿರಣವಿಲ್ಲ; ಬಲವಾದ ಅಯಸ್ಕಾಂತದ ನಡುವೆ ದೇಹದ ನೀರಿನ ಜಲಜನಕ ಪರಮಾಣುಗಳನ್ನು ರೇಡಿಯೋ ಅಲೆಗಳಿಂದ ಕೆಣಕಿ, ಅವು ಮರಳಿ ಕೊಡುವ ಸದ್ದಿಲ್ಲದ ಸಂಕೇತದಿಂದ ಚಿತ್ರವನ್ನು ಕಟ್ಟುತ್ತಾರೆ. ಪಾಲ್ ಲಾಟರ್‌ಬರನು 1973ರಲ್ಲಿ ಇದರ ಮೊದಲ ಚಿತ್ರಗಳನ್ನು ಪ್ರಕಟಿಸಿದನು. 2003ರಲ್ಲಿ ಅವನಿಗೂ ಪೀಟರ್ ಮ್ಯಾನ್ಸ್‌ಫೀಲ್ಡನಿಗೂ ನೊಬೆಲ್ ಪಾರಿತೋಷಕವು ಸಂದಿತು. ಸಿ. ಟಿ.ಯಲ್ಲಿ ತೋರದ ಗಾಯಗಳು ಲಘುಪೆಟ್ಟಿನವರಲ್ಲಿಯೂ ಈ ಯಂತ್ರಕ್ಕೆ ತೋರುವುವೆಂದು ಗ್ಲಾಸ್ಗೊ ನಗರದ ವೈದ್ಯರು 1986ರಲ್ಲಿ ತಿಳಿಸಿದರು. 1994ರಲ್ಲಿ ಸಿ. ಟಿ. ನಿರ್ದೋಷವಾಗಿದ್ದ 20 ಮಂದಿಯನ್ನು ಪರೀಕ್ಷಿಸಿದಾಗ 6 ಮಂದಿಯಲ್ಲಿ ತಂತುಹಾನಿಯ ಚಿಹ್ನೆಗಳು ಕಂಡುವು. 2013ರಲ್ಲಿ ಪ್ರಕಟವಾದ ಅಮೆರಿಕಾದ ದೊಡ್ಡ ಅಧ್ಯಯನವೊಂದರಲ್ಲಿ ಸಿ. ಟಿ. ನಿರ್ದೋಷವಾಗಿದ್ದ 98 ಮಂದಿಯಲ್ಲಿ 27 ಮಂದಿಗೆ ಎಂ. ಆರ್. ಐ.ಯಲ್ಲಿ ದೋಷವು ತೋರಿತು. ಮೂರು ತಿಂಗಳ ತರುವಾಯದ ಸ್ಥಿತಿಯನ್ನು ಮುಂದಾಗಿ ಊಹಿಸುವುದಕ್ಕೂ ಆ ಚಿತ್ರವು ನೆರವಾಯಿತು.

ಇದಕ್ಕಿಂತಲೂ ಸೂಕ್ಷ್ಮವಾದ ಉಪಾಯವೊಂದನ್ನು 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಅವನ ಸಂಗಡಿಗರು ರೂಪಿಸಿದರು. ಮಿದುಳಿನಲ್ಲಿರುವ ನೀರಿನ ಕಣಗಳು ಸದಾ ಚಲಿಸುತ್ತಿರುವುವು. ನರತಂತುಗಳ ಕಟ್ಟಿನಲ್ಲಿ ಅವು, ಗದ್ದೆಯ ಕಾಲುವೆಯ ನೀರಿನಂತೆ, ಉದ್ದಕ್ಕೆ ಸುಲಭವಾಗಿಯೂ ಅಡ್ಡಕ್ಕೆ ಕಷ್ಟದಿಂದಲೂ ಸರಿಯುತ್ತವೆ. ಬದುವು ಒಡೆದರೆ ಹರಿವಿನ ದಿಕ್ಕು ಕೆಡುವುದಷ್ಟೆ. ಈ ದಿಕ್ಕಿನ ಕಟ್ಟುಪಾಡನ್ನು ಅಳೆದರೆ ತಂತುವನ್ನು ಕಾಣದೆಯೇ ಅದರ ಸ್ಥಿತಿಯನ್ನು ಊಹಿಸಬಹುದು. 2002ರಲ್ಲಿ ಲಘುಪೆಟ್ಟು ಬಿದ್ದು ಇನ್ನೂ ಒಂದು ದಿನವಾಗದ ಐದು ಮಂದಿಯಲ್ಲಿ ಈ ಬಗೆಯ ವ್ಯತ್ಯಾಸವನ್ನು ಕಂಡರು. 2011ರಲ್ಲಿ, ಯುದ್ಧಭೂಮಿಯ ಸ್ಫೋಟಗಳಲ್ಲಿ ಲಘುಪೆಟ್ಟು ತಿಂದ 63 ಮಂದಿ ಅಮೆರಿಕನ್ ಸೈನಿಕರನ್ನು ಇದೇ ವಿಧಾನದಿಂದ ಪರೀಕ್ಷಿಸಿದ ವರದಿಯು ಹೊರಬಂದಿತು. ಅವರಲ್ಲಿ 18 ಮಂದಿಗೆ, ಆಕಸ್ಮಿಕವೆಂದು ತಳ್ಳಲಾಗದಷ್ಟು, ಎರಡು ಅಥವಾ ಹೆಚ್ಚು ಭಾಗಗಳಲ್ಲಿ ದೋಷವು ಕಂಡುಬಂದಿತು. ಮೈಯರ್ಸನು ತನ್ನ ರೋಗಿಗಳನ್ನು ಕುರಿತು ಬರೆದು ಆಗ 96 ವರ್ಷಗಳಾಗಿದ್ದುವು.

ಮಿದುಳು ಕೆಲಸಮಾಡುವಾಗಿನ ಚಿತ್ರವನ್ನೂ ಈ ಯಂತ್ರವು ಕೊಡಬಲ್ಲುದು. ದುಡಿಯುತ್ತಿರುವ ಭಾಗಕ್ಕೆ ಹರಿಯುವ ರಕ್ತದ ಆಮ್ಲಜನಕವು ಅಯಸ್ಕಾಂತದ ಸಂಕೇತವನ್ನು ಬದಲಾಯಿಸುವುದೆಂದು ಸೇಜಿ ಒಗಾವಾ ಎಂಬ ಜಪಾನೀಯನು 1990ರಲ್ಲಿ ತೋರಿಸಿದನು. 1999ರಲ್ಲಿ ಮೆಕಾಲಿಸ್ಟರ್ ಎಂಬ ವೈದ್ಯನೂ ಅವನ ಸಂಗಡಿಗರೂ, ಪೆಟ್ಟು ಬಿದ್ದು ಒಂದು ತಿಂಗಳಾದ 12 ಮಂದಿಗೂ ಆರೋಗ್ಯವಂತರಾದ 11 ಮಂದಿಗೂ ನೆನಪಿನ ಒಂದೇ ಪರೀಕ್ಷೆಯನ್ನು ಕೊಟ್ಟರು. ಉತ್ತರಗಳಲ್ಲಿ ಹೇಳುವಂತಹ ಭೇದವಿರಲಿಲ್ಲ. ಆದರೆ ಪರೀಕ್ಷೆಯ ಭಾರವನ್ನು ಹೆಚ್ಚಿಸಿದಾಗ ಪೆಟ್ಟುಬಿದ್ದವರ ಮಿದುಳಿನಲ್ಲಿ ಬಹು ಹೆಚ್ಚಿನ ಭಾಗವು ದುಡಿಯತೊಡಗಿತು. ಸಮನಾದ ಅಂಕಗಳನ್ನು ತೆಗೆದುಕೊಂಡವನೂ, “ಮೊದಲಿನಷ್ಟೇ ಮಾಡುತ್ತೇನೆ, ಆದರೆ ಬಳಲಿಹೋಗುತ್ತೇನೆ” ಎಂದು ಹೇಳಿದರೆ ಅದು ನೆಪವೆಂದು ನಗುವುದಕ್ಕೆ ಇನ್ನು ಅವಕಾಶವು ಕಡಿಮೆಯಾಯಿತು.

ಇಷ್ಟರಿಂದ ವಿವಾದವು ಮುಗಿಯಿತೆಂದು ತಿಳಿಯುವುದು ಅವಸರದ ಮಾತಾದೀತು. ಮೇಲೆ ಹೇಳಿದ ಅಧ್ಯಯನಗಳಲ್ಲಿ ಹಲವು ಒಂದು ಗುಂಪನ್ನು ಮತ್ತೊಂದು ಗುಂಪಿನೊಡನೆ ಹೋಲಿಸಿ ಸರಾಸರಿಯನ್ನು ಹೇಳುತ್ತವೆ. ಎದುರಿಗಿರುವ ಒಬ್ಬ ರೋಗಿಯ ವಿಷಯದಲ್ಲಿ ಸರಾಸರಿಯು ತೀರ್ಪು ಕೊಡಲಾರದು. ನೀರಿನ ಹರಿವಿನ ಅಳತೆಯು ಕೆಲವು ಅಧ್ಯಯನಗಳಲ್ಲಿ ಇಳಿದಂತೆಯೂ ಕೆಲವುಗಳಲ್ಲಿ ಏರಿದಂತೆಯೂ ಬಂದಿದೆ. ವಯಸ್ಸು, ಖಿನ್ನತೆ, ಮದ್ಯಪಾನ ಮೊದಲಾದವುಗಳಿಂದಲೂ ಆ ಅಳತೆಯು ಬದಲಾಗಬಲ್ಲುದು. ಆದುದರಿಂದ ಚಿತ್ರದಲ್ಲಿ ದೋಷವು ತೋರಿದ ಮಾತ್ರಕ್ಕೆ ಅದು ಆ ಪೆಟ್ಟಿನ ಫಲವೇ ಎಂದು ನ್ಯಾಯಾಲಯದಲ್ಲಿ ಸಾಧಿಸುವುದು ಕಷ್ಟ. ತೋರದ ಮಾತ್ರಕ್ಕೆ ಪೆಟ್ಟೇ ಇಲ್ಲವೆನ್ನುವುದು ಇನ್ನೂ ತಪ್ಪು. ಸೈನಿಕರ ಅಧ್ಯಯನವನ್ನು ನಡೆಸಿದವರೇ, ಚಿತ್ರವು ನಿರ್ದೋಷವಾಗಿದ್ದರೂ ಲಘುಪೆಟ್ಟಿಲ್ಲವೆಂದು ಹೇಳಬಾರದೆಂದು ಎಚ್ಚರಿಸಿರುವರು. 2018ರಲ್ಲಿ ಅಮೆರಿಕಾ ಸರ್ಕಾರವು, ಮಿದುಳಿನಿಂದ ರಕ್ತಕ್ಕೆ ಸೋರುವ ಎರಡು ಪ್ರೋಟೀನುಗಳನ್ನು ಅಳೆಯುವ ಪರೀಕ್ಷೆಗೆ ಒಪ್ಪಿಗೆಯಿತ್ತಿತು. ಅದು ಕೂಡ ಯಾರಿಗೆ ಸಿ. ಟಿ. ಬೇಕಾಗದೆಂಬುದನ್ನು ಗೊತ್ತುಮಾಡುವುದಕ್ಕೆ ಒಪ್ಪಿದ ಪರೀಕ್ಷೆಯೇ ಹೊರತು ನೋವನ್ನು ಅಳೆಯುವ ತಕ್ಕಡಿಯಲ್ಲ.

ಕನ್ನಡನಾಡಿಗೂ ಈ ವಿಷಯವು ದೂರದ್ದಲ್ಲ. 1974ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಸಂಶೋಧಕರು ತಲೆಪೆಟ್ಟಿನ ಕಾರಣಗಳನ್ನು ಬಹುಕಾಲದಿಂದ ಲೆಕ್ಕವಿಟ್ಟು, ಅವುಗಳಲ್ಲಿ ನೂರಕ್ಕೆ ಸುಮಾರು 60 ರಸ್ತೆಯ ಅಪಘಾತಗಳಿಂದಲೇ ಆಗುವುವೆಂದು ತಿಳಿಸಿರುವರು. ಮೋಟಾರು ಸೈಕಲ್ಲಿನಿಂದ ಬಿದ್ದು, ಮಣ್ಣು ಕೊಡವಿಕೊಂಡು ಎದ್ದು, ಮರುದಿನವೇ ಕಚೇರಿಗೋ ಕಾಲೇಜಿಗೋ ಹೋಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಇವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ, ಬಹಳವೆಂದರೆ ಎರಡು ಮೂರು ತಿಂಗಳುಗಳಲ್ಲಿ, ಪೂರ್ಣವಾಗಿ ಗುಣಹೊಂದುವರೆಂಬುದು ಸಮಾಧಾನದ ಸಂಗತಿ. ಗುಣಹೊಂದದೆ ಉಳಿಯುವ ಕೆಲವರ ಮಾತನ್ನು ಕೇಳುವವರಾರು ಎಂಬುದೇ ಪ್ರಶ್ನೆ.

ಲಿಟ್ರೆಯ ಕಾಲದಿಂದ ಇಂದಿನವರೆಗಿನ ಈ ವೃತ್ತಾಂತದಲ್ಲಿ ರೋಗಿಗಳು ಹೇಳಿಕೊಂಡದ್ದು ಹೆಚ್ಚು ಬದಲಾಗಲಿಲ್ಲ. ತಲೆನೋವು, ಮರೆವು, ಬಳಲಿಕೆ, ಸಿಡುಕು ಎಂಬ ಅದೇ ನಾಲ್ಕು ಮಾತುಗಳನ್ನು ರೈಲಿನ ಪ್ರಯಾಣಿಕರೂ ಕಂದಕದ ಸಿಪಾಯಿಗಳೂ ಹೇಳಿದರು. ಬೈಸಿಕಲ್ಲಿನಿಂದ ಬಿದ್ದ ಹುಡುಗನೂ ಹೇಳುತ್ತಾನೆ. ಬದಲಾದದ್ದು ಅವರನ್ನು ನೋಡುವವರ ಕಣ್ಣು. ಆ ಕಣ್ಣು ಪ್ರತಿಸಲ ಹರಿತವಾದಾಗಲೂ, ಹಿಂದೆ ಸುಳ್ಳೆಂದು ತಳ್ಳಿದ ಮಾತುಗಳಲ್ಲಿ ಕೆಲವು ನಿಜವೆಂದು ಹೊರಬಿದ್ದುವು. ಯಂತ್ರವು ಮುಂದೆಯೂ ಹರಿತವಾಗುತ್ತ ಹೋಗುವುದರಲ್ಲಿ ಸಂದೇಹವಿಲ್ಲ. ಆವರೆಗೆ, ಮನೆಯಲ್ಲಿ ತಲೆಗೆ ಪೆಟ್ಟು ತಿಂದವನೊಬ್ಬನು ದೀಪವನ್ನು ಸ್ವಲ್ಪ ತಗ್ಗಿಸಿರೆಂದು ಕೇಳಿಕೊಂಡರೆ, ಚಿತ್ರವನ್ನು ತರಿಸಿ ನೋಡುವ ಮೊದಲೇ ದೀಪವನ್ನು ತಗ್ಗಿಸುವುದು ಮನೆಯವರ ಧರ್ಮವಾಗಿರುತ್ತದೆ.